ಪ್ರಸ್ಥಾನದ ಚೀಲ

ಜಯನಗರದ ಬಟ್ಟೆ ವ್ಯಾಪಾರಿ ಜಯದೇವಪ್ಪನವರು ಹನ್ನೆರಡು ವರ್ಷ ಅಂಗಡಿ ಬಿಟ್ಟು ಕದಲಿದವರಲ್ಲ. ಅರವತ್ತಮೂರನೆಯ ವಯಸ್ಸಿನಲ್ಲಿ ಸಿಂಗಪುರ ನೋಡುವ ಹುಚ್ಚು ಹಿಡಿಯಿತು. ಮೊದಲ ದಿನ ಹಡಗುಗಳ ಬಂದರು, ಎರಡನೆಯ ದಿನ ಹೂದೋಟ ಎಂದು ನೋಟ್‌ಬುಕ್ಕಿನಲ್ಲಿ ನಾಲ್ಕು ದಿನದ ಯೋಜನೆ ಬರೆದರು. ಹೊರಡುವ ಮಂಗಳವಾರ ಒಳ್ಳೆಯ ದಿನವಲ್ಲವೆಂದು, ಶುಕ್ರವಾರವೇ ಚೀಲವನ್ನು ಪಕ್ಕದ ಮನೆಯಲ್ಲಿಟ್ಟು ಪ್ರಸ್ಥಾನ ಮಾಡಿದರು. ಅಲ್ಲಿಗೆ ಪ್ರಯಾಣ ಶುರುವಾದಂತೆ.

“ಇನ್ನು ಮನೆಯೊಳಗೆ ಕಾಲಿಡಬಾರದು ಕಣ್ರೀ,” ಎಂದಳು ಹೆಂಡತಿ ನೀಲಗಂಗಮ್ಮ.

“ಸುಮ್ನಿರೆ, ಊಟಕ್ಕೆ ಬರ್ತೀನಿ.”

ಮಧ್ಯಾಹ್ನ ಬಂದರು. ನೀಲಗಂಗಮ್ಮ ಒಂದೇ ತಟ್ಟೆ ಹಾಕಿಕೊಂಡು ಉಣ್ಣುತ್ತಿದ್ದಳು. ಎದುರು ನಿಂತು ಎಷ್ಟು ಕೂಗಿದರೂ ಅವಳಿಗೆ ಕೇಳಲಿಲ್ಲ, ಕಾಣಲೂ ಇಲ್ಲ. ಪಕ್ಕದ ಮನೆಗೆ ಓಡಿದರೆ ಚೀಲವಿರಲಿಲ್ಲ.

ತಿಂಗಳ ಮೇಲೆ ಸಿಂಗಪುರದಿಂದ ಹಡಗಿನ ಚಿತ್ರದ ಕಾರ್ಡು ಬಂತು. “ಮೊದಲ ದಿನ ಬಂದರು ನೋಡಿದೆ. ಕ್ಷೇಮ,” ಎಂದು ನೀಲಗಂಗಮ್ಮ ನಗುತ್ತ ಓದಿದಳು. ಅವಳ ಬೆನ್ನ ಹಿಂದೆ ನಿಂತಿದ್ದ ಜಯದೇವಪ್ಪನವರು ಅಕ್ಷರ ನೋಡಿದರು. ತಮ್ಮದೇ.