ವಾಡಿ ಸ್ಟೇಷನ್ನಿನ ಹಟಮಾರಿ ಹುಲ್ಲು

ನಿಜಾಮರ ಕಾಲದಲ್ಲಿ ನಮ್ಮ ಅಜ್ಜ, ಅಂಬರಾಯ ಮುತ್ಯಾ, ವಾಡಿ ಸ್ಟೇಷನ್ನಿನ ತೋಟಕ್ಕೆ ಮಾಲಿಯಾಗಿದ್ದ. ಗುಲಾಬಿ, ದಾಸವಾಳ ಎಲ್ಲವೂ ಅವನ ಮಾತು ಕೇಳುತ್ತಿದ್ದವು. ಕೇಳದಿದ್ದುದು ಒಂದೇ, ಸ್ಟೇಷನ್ ಮಾಸ್ತರರು ಮುಂಬಯಿಯಿಂದ ತರಿಸಿದ್ದ ಅಲಂಕಾರದ ಹುಲ್ಲು. ಕುದುರೆ ಬಾಲದಂಥ ಬಿಳಿ ಹೂವು ಬಿಡುತ್ತದೆ ಎಂದು ಅವರು ಹೇಳಿದ್ದರು. ಮೂರು ವರ್ಷವಾದರೂ ಬರೀ ಎಲೆ. ಮುತ್ಯಾ ಗೊಬ್ಬರ ಹಾಕಿದ, ನೀರು ಬಿಟ್ಟ, ನೀರು ನಿಲ್ಲಿಸಿದ, ಕೊನೆಗೆ ಅದರ ಮುಂದೆ ನಿಂತು ಬಾಯಿಗೆ ಬಂದಂತೆ ಬೈದ.

ಪ್ರತಿವರ್ಷ ಬಿಳಿಜೋಳ ಬಿತ್ತಲು ಅವನು ಹದಿನೈದು ದಿನ ತನ್ನೂರು ಸನ್ನತಿಗೆ ಹೋಗುತ್ತಿದ್ದ. ಆ ವರ್ಷ ಬಿತ್ತನೆ ಬೇಗ ಮುಗಿದು, ವಾರ ಮೊದಲೇ ಮರಳಿದ. ನೋಡಿದರೆ, ಅವನ ಹೆಂಡತಿ ಚಂದಮ್ಮ ಕುಡಗೋಲು ಹಿಡಿದು ಆ ಹುಲ್ಲಿನೊಳಗೇ ನಿಂತಿದ್ದಳು. ಕಂಕುಳಲ್ಲಿ ಅದೇ ಹುಲ್ಲಿನ, ಇನ್ನೂ ಅರಳದ ಎಳೆಯ ಬಿಳಿ ತೆನೆಗಳು.

"ಏನ್ ಮಾಡಲಿಕತ್ತೀ?"

"ದೀಪಾವಳಿ ಪೂಜಾಕ್ಕ ಹೊಸ ಕಸಬರಗಿ ಬೇಕಲ್ರಿ. ಕ್ವಾರ್ಟರ್ಸ್ ಮಂದಿಗೆಲ್ಲ ನಾನೇ ಕಟ್ಟಿ ಕೊಡ್ತೀನಿ. ಅರಳಿದ್ರ ಉದರ್ತಾವ, ಅದಕ್ಕ ಎಳೇವಿದ್ದಾಗೇ ಕೊಯ್ತೀನಿ."

"ಅದು ಮಾಸ್ತರ್ ಸಾಹೇಬರ ಹೂವು!"

"ಹೂವು? ಮೂರು ವರ್ಷದಿಂದ ಇಲ್ಲಿ ಯಾತರಿಂದ ಕಸ ಹೊಡಿಲಿಕತ್ತೀರಿ ಮತ್ತ?"

ಮುತ್ಯಾ ಗೋಡೆಗೆ ಒರಗಿಸಿದ್ದ ತನ್ನ ಕಸಬರಿಗೆಯನ್ನು ನೋಡಿದ. ಅಷ್ಟು ಮೆತ್ತನೆಯದು ವಾಡಿಯಲ್ಲೇ ಇಲ್ಲವೆಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವನು ಅವನೇ.

ಕೊಯ್ಯದೆ ಉಳಿದಿದ್ದ ತೆನೆಗಳು ನಾಲ್ಕೇ ದಿನಕ್ಕೆ ಅರಳಿದವು. ಮಾಸ್ತರರು ಹಿಗ್ಗಿಹೋದರು.

"ಈ ಸಲ ಏನ್ ಗೊಬ್ಬರ ಹಾಕ್ದಿ, ಅಂಬರಾಯ?"

"ಗೊಬ್ಬರ ಅಲ್ಲರಿ ಸಾಹೇಬ್ರ. ಈ ಸಲ ಊರಿಂದ ಒಂದು ವಾರ ಲಗೂ ಬಂದೆ."