ಕೆಂಚನಗುಡ್ಡದ ಮಾವನ ನಂಬರು

ನಾನು ಮಾತು ಕಲಿತದ್ದು ಕುರುಗೋಡಿನಲ್ಲಿ, ಅಜ್ಜಿಯ ಮನೆಯ ಕಟ್ಟೆಯ ಮೇಲೆ. ಅಜ್ಜಿ ಯಾರನ್ನೂ ಬರೀ ಹೆಸರು ಹಿಡಿದು ಕರೆದವಳಲ್ಲ. ಹಾಲು ಹಾಕುವವನು ಕೊಳಗಲ್ಲಿನ ಕಾಕಾ, ಬಳೆ ತೊಡಿಸುವಾಕೆ ಸಿರುಗುಪ್ಪದ ಚಿಗವ್ವ, ಗಾದಿ ಹೊಲಿಯುವ ಸಾಬರು ಅವಳಿಗೆ ಅಣ್ಣ. ಒಂದು ಊರು, ಒಂದು ಸಂಬಂಧ, ಅಷ್ಟಾದರೆ ಮನುಷ್ಯ ನಮ್ಮವನಾದ. ಮುಂದೆ ಬಳ್ಳಾರಿಯಲ್ಲಿ ವರದಿಗಾರನಾದಾಗ ಈ ಅಭ್ಯಾಸವೇ ನನಗೆ ಆಸರೆಯಾಯಿತು.

ಗಣಿ ಜೋರಾಗಿದ್ದ ಕಾಲ. ಸುದ್ದಿ ಕೊಡುವವರು ಸಿಗುತ್ತಿದ್ದರು, ಕೊಟ್ಟವರನ್ನು ಕಾಪಾಡುವುದೇ ಕಷ್ಟ. ಮುಖ್ಯ ಕಚೇರಿಯವರು ನಮ್ಮ ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿಸಿ, ಸುದ್ದಿಮೂಲಗಳ ಹೆಸರು, ಊರು, ಫೋನ್ ನಂಬರನ್ನೆಲ್ಲ ಅದರಲ್ಲಿ ತುಂಬಿ ಎಂದರು. ಪಾಸ್‌ವರ್ಡ್ ಇಲ್ಲದೆ ಯಾರೂ ತೆರೆಯಲಾರರಂತೆ. ಮರುದಿನ ನೋಡಿದರೆ, ಎಲ್ಲರ ಅನುಕೂಲಕ್ಕೆಂದು ಯಾರೋ ಆ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು. ಜಾಹೀರಾತು ಕೊಡಲು ಬರುವ ಗಣಿ ಧಣಿಗಳು ಅದೇ ಕ್ಯಾಲೆಂಡರಿನ ಕೆಳಗೆ ಕೂತು ಚಹಾ ಕುಡಿಯುತ್ತಿದ್ದರು.

ನಾನು ಅದರಲ್ಲಿ ಠಾಣೆ, ಆಸ್ಪತ್ರೆಗಳ ನಂಬರು ತುಂಬಿ ಕೈತೊಳೆದುಕೊಂಡೆ. ನಿಜವಾದವರನ್ನು ನನ್ನ ಮೊಬೈಲಿನಲ್ಲಿ ಬಂಧುಬಳಗದ ನಡುವೆ ಬಚ್ಚಿಟ್ಟೆ. ಅದಿರಿನ ಲಾರಿ ತೂಗುವ ಕಾಟಾದ ಗುಮಾಸ್ತರು ‘ಕೆಂಚನಗುಡ್ಡದ ಮಾವ’ ಆದರು. ಸಂಬಂಧವನ್ನು ಸುಳ್ಳು ಮಾಡಿದೆ, ಊರನ್ನು ಸುಳ್ಳು ಮಾಡಲು ಮನಸ್ಸು ಬರಲಿಲ್ಲ. ಅವರದು ನಿಜಕ್ಕೂ ಕೆಂಚನಗುಡ್ಡವೇ. ಫೋನಿನಲ್ಲಿ ಮನೆಮಾತು ಬಿಟ್ಟು ಬೇರೆ ಆಡಬಾರದೆಂದು ಗೊತ್ತುಮಾಡಿಕೊಂಡಿದ್ದೆವು. ‘ಕಾರ್ಯ ಐತಿ, ಬರ್ರಿ’ ಎಂದರೆ ತುರ್ತಾಗಿ ಭೇಟಿಯಾಗಬೇಕು ಎಂದರ್ಥ.

ಮಿತಿಮೀರಿ ತುಂಬಿದ ಲಾರಿಗಳಿಗೆ ಕಡಿಮೆ ತೂಕ ಬರೆಯುತ್ತಿದ್ದ ಸುದ್ದಿಯನ್ನು ಅವರಿಂದಲೇ ತಿಳಿದು ಬರೆದೆ. ಆ ಕಾಟಾ ನಮ್ಮ ಎದುರುಮನೆಯ ಸಾಹುಕಾರರದು. ಸುದ್ದಿ ಬಂದ ಬೆಳಿಗ್ಗೆ ಅವರು ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡೇ ನನ್ನ ಗೇಟಿಗೆ ಬಂದು ನಿಂತರು.

“ಪೇಪರ್‌ನವರ, ನಿಮ್ಮ ಮ್ಯಾಲ ಸಿಟ್ಟಿಲ್ಲರಿ. ಬರಿಯೋದು ನಿಮ್ಮ ಕೆಲಸ. ಆದ್ರ ನಮ್ಮ ಉಪ್ಪು ತಿಂದು ಬಾಯಿ ಬಿಟ್ಟಾವ ಸಿಗ್ಲಿ, ಲಾರಿ ಗಾಲಿ ಕೆಳಗ ಮಲಗಿಸಿ ಅದ ಕಾಟಾದ ಮ್ಯಾಲ ತೂಗ್ತೀನಿ.” ನಗುತ್ತಲೇ ಹೇಳಿದರು. ಅವರ ಕಾಟಾದಲ್ಲಿ ಹಿಂದೊಬ್ಬ ಕ್ಲೀನರಿನ ಕಾಲು ಮುರಿದದ್ದು ಓಣಿಗೆಲ್ಲ ಗೊತ್ತಿತ್ತು.

ಅದೇ ವಾರ ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಸಿರುಗುಪ್ಪದಿಂದ ಅಕ್ಕ ಬಂದಿದ್ದಳು. ಕಾರ್ಯದ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದಾಗ ನನ್ನ ಮೊಬೈಲು ಅವಳ ಕೈಯಲ್ಲಿತ್ತು.

“ಲೇ ತಮ್ಮಾ, ಕರಿಯೋ ಕೆಲಸ ಮುಗೀತು ನೋಡು. ಇದರಾಗಿನ ಕಾಕಾ, ಮಾವ, ಚಿಗವ್ವ ಒಬ್ರನ್ನೂ ಬಿಟ್ಟಿಲ್ಲ. ಆಮ್ಯಾಲ ಕರೀಲಿಲ್ಲ ಅಂತ ಮಾರಿ ಉಬ್ಬಿಸ್ಕೊಂಡು ತಿರಗ್ತಾರ.”

“ಯಾವ ಮಾವಗ ಮಾಡಿದಿ?”

“ಕೆಂಚನಗುಡ್ಡದ ಮಾವಗ. ನಮ್ಮತ್ತಿ ಅಣ್ಣನ ನಂಬರ್ ನೀ ಇಟ್ಕೊಂಡಿ ಅಂತ ನಂಗ ಗೊತ್ತ ಇರಲಿಲ್ಲ. ‘ಕಾರ್ಯ ಐತಿ, ಬರ್ರಿ’ ಅಂದೆ. ಮನಿ ಗುರ್ತು ಕೇಳಿ, ಬರ್ತೀನವ್ವ ಅಂದ್ರು. ಪಾಪ, ದನಿ ನಡಗ್ತಿತ್ತು.”

ಫೋನು ಕಸಿದುಕೊಂಡು ನಂಬರು ಒತ್ತಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಒತ್ತುವಷ್ಟರಲ್ಲಿ ಎದುರುಮನೆಯವರೆಂದು ಕರೆದಿದ್ದ ಸಾಹುಕಾರರು ಬಿಳಿ ಅಂಗಿ ತೊಟ್ಟು ನಮ್ಮ ಪಡಸಾಲೆಗೆ ಬಂದು, ಬಾಗಿಲಿಗೆ ಎದುರಾಗಿದ್ದ ಕುರ್ಚಿಯಲ್ಲಿ ಕುಳಿತರು.

ಮನೆಯ ಮುಂದೆ ಆಟೋ ನಿಂತಿತು. ಇಳಿದವರು ಗುಮಾಸ್ತರೇ. ಕಾರ್ಯ ನಿಜವೋ ಸುಳ್ಳೋ ತಿಳಿಯದೆ, ಯಾವುದಕ್ಕೂ ಇರಲಿ ಎಂದು ಕೂಸಿಗೊಂದು ಅಂಗಿ ತಂದಿದ್ದರು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ತಲೆ ಎತ್ತಿದರೆ ಎದುರಿಗೆ ಧಣಿ. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ಪರಪರ ಸದ್ದು ಮಾಡುತ್ತಿತ್ತು.

“ಏನಪಾ,” ಸಾಹುಕಾರರು ಮೆಲ್ಲಗೆ ಕೇಳಿದರು, “ಕಾಟಾ ಬಿಟ್ಟು ಇಲ್ಲೇನು ಮಾಡಾಕ ಬಂದಿ?”

ತೊಟ್ಟಿಲಿನ ಬಳಿಯಿಂದ ಅಕ್ಕ ಎದ್ದು ಬಂದಳು. ಬಂದವರು ತನ್ನ ಮಾವನಲ್ಲವೆಂದು ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡಳು.

“ಬರ್ರಿ ಮಾವ! ಎಷ್ಟೊತ್ತು ದಾರಿ ಕಾಯೋದು? ನಾನ ಕರೆದೀನ್ರಿ ಸಾಹುಕಾರ್ರ. ಇವರು ನಮ್ಮತ್ತಿ ತವರಿನವರು. ಮಾವ, ಹೊಳಿ ಬಂದಾಗ ಕೆಂಚನಗುಡ್ಡದಾಗ ಮನಿ ಬಿದ್ದಿತ್ತಲ್ಲ, ಕಟ್ಟಿಸಿದ್ರೇನು?”

ಗುಮಾಸ್ತರು ಚೀಲವನ್ನು ಅವಳ ಕೈಗಿತ್ತರು. “ಇಲ್ಲವ್ವ... ಅರ್ಧ ಗ್ವಾಡಿಗೆ ನಿಂತೈತಿ.”

“ಅಂದ್ರ ನೀವು ಪೇಪರ್‌ನವರ ಪೈಕಿ,” ಸಾಹುಕಾರರು ಅವರನ್ನೇ ನೋಡುತ್ತಿದ್ದರು. “ಇಷ್ಟು ವರ್ಷ ಹೇಳಲೇ ಇಲ್ಲ?”

“ಇವನ ಪೈಕಿ ಅಲ್ರಿ, ನನ್ನ ಪೈಕಿ,” ಎಂದಳು ಅಕ್ಕ. “ಇವಗ ಊರ ಮಂದಿ ಸುದ್ದಿ ಎಲ್ಲಾ ಬೇಕು, ಅಕ್ಕನ ಬೀಗರ ಗುರ್ತು ಮಾತ್ರ ಇಲ್ಲ. ಮಾರಿ ನೋಡ್ರಿ, ಯಾರೋ ಸಾಲ ಕೇಳಾಕ ಬಂದಂಗ ಮಾಡ್ಯಾನ!”

ಕೂತ ಹೆಂಗಸರೆಲ್ಲ ನಕ್ಕರು. ಸಾಹುಕಾರರೂ ನಕ್ಕರು, ಆದರೆ ಕಣ್ಣು ಗುಮಾಸ್ತರ ಮೇಲಿಂದ ಕದಲಲಿಲ್ಲ. ಊಟಕ್ಕೆ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಗುಮಾಸ್ತರು ಹೋಳಿಗೆಯನ್ನು ಮುರಿಯುತ್ತಲೇ ಇದ್ದರು, ಬಾಯಿಗೆ ಇಡಲಿಲ್ಲ.

ಹೊರಡುವಾಗ ಸಾಹುಕಾರರು ಅಕ್ಕನಿಗೆ ಹೇಳಿದರು: “ಕಾಟಾದ ಧೂಳಿಗೆ ನಿಮ್ಮ ಮಾವಗ ದಮ್ಮು ಹತ್ತೈತಿ ಕಾಣ್ತೈತಿ. ನಾಳಿಂದ ಸಿರುಗುಪ್ಪದಾಗ ನಮ್ಮ ರೈಸ್‌ಮಿಲ್ ನೋಡ್ಕೊಳ್ಲಿ. ಬೀಗರ ಊರಾಗ ಇದ್ರ ಚಲೋ ಅಲ್ಲೇನು?”

ಅವರು ನಂಬಿದರೋ, ನಂಬಿದಂತೆ ಮಾಡಿ ಗುಮಾಸ್ತರನ್ನು ದೂರ ಇಟ್ಟರೋ, ನನಗೆ ಇಂದಿಗೂ ಗೊತ್ತಿಲ್ಲ.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಅಕ್ಕ ಕೇಳಿದಳು: “ಯಾರಲೇ ಅವ್ರು?” ನಾನು ತೊಳೆದ ತಟ್ಟೆ ಒರೆಸತೊಡಗಿದೆ. “ಹೋಗ್ಲಿ, ಹೇಳಬ್ಯಾಡ. ನಮ್ಮನ್ಯಾಗ ಉಂಡಾರ, ಇನ್ನ ಅವರು ನನ್ನ ಮಾವನ,” ಎಂದು ಪಾತ್ರೆ ಎತ್ತಿಟ್ಟಳು.

ಕಾಟಾದ ಸುದ್ದಿ ನನಗೆ ಅಲ್ಲಿಗೇ ನಿಂತಿತು. ಆ ನಂಬರನ್ನು ಅಂದೇ ಅಳಿಸಿದೆ. ಅವರು ಸಿರುಗುಪ್ಪದಲ್ಲೇ ನೆಲೆನಿಂತರು. ಪಂಚಮಿಗೆ ಅಕ್ಕನ ಮನೆಯಿಂದ ಅವರಿಗೆ ಉಂಡಿ ಹೋಗುತ್ತದೆ, ನನ್ನ ಮಗಳು ಅವರನ್ನು ಅಜ್ಜ ಎನ್ನುತ್ತಾಳೆ. ಅವರು ಫೋನ್ ಮಾಡಿದರೆ ಈಗಲೂ ನನ್ನ ಮೊಬೈಲಿನಲ್ಲಿ ಬರೀ ಅಂಕಿಗಳು ಮೂಡುತ್ತವೆ. ‘ಕಾರ್ಯ ಐತಿ, ಬರ್ರಿ’ ಎಂದು ನಾನು ಅವರಿಗೆ ಮತ್ತೆಂದೂ ಹೇಳಿಲ್ಲ. ಕಾರ್ಯವಿದ್ದರೆ ಅಕ್ಕನೇ ಕರೆಯುತ್ತಾಳೆ.