ನಾನೂರ ಹನ್ನೆರಡು ಹಸಿರು ಗುರುತು

ತಕ್ಕಡಿಯವನಿಗೆ ಅನುಮಾನ ಹುಟ್ಟುಗುಣ. ಹಾಲು ನೀರಾಗಿದ್ದರೆ ಸುಮ್ಮನೆ ಕುಡಿಯುತ್ತಿದ್ದ, ಗಟ್ಟಿಯಾಗಿದ್ದರೆ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಮೂವತ್ತು ವರ್ಷ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿದವನಿಗೆ ಅದು ಬರದೆ ಇನ್ನೇನು ಬರಬೇಕು? "ತೂಕ ಸರಿಯಾಗೇ ತೋರಿಸ್ತಿದೆ, ಸುಮ್ನೆ ಒರೆಸಿಕೊಡಿ ಸಾಕು" ಎಂದು ಯಾರಾದರೂ ತಂದಿಟ್ಟರೆ ಮೊದಲು ಅದನ್ನೇ ಮಗುಚಿ ಹಾಕುತ್ತಿದ್ದ. ಒಮ್ಮೆ ಹಾಗೆ ಮಗುಚಿದಾಗ ತಟ್ಟೆಯ ಅಡಿಯಲ್ಲಿ ಅಯಸ್ಕಾಂತದ ಚೂರು ಸಿಕ್ಕಿತ್ತು. ಅದರ ಯಜಮಾನ ಅಂದಿನಿಂದ ರಸ್ತೆಯ ಆ ಬದಿಯಲ್ಲೇ ನಡೆಯತೊಡಗಿದ. ಆ ಯಜಮಾನನ ಹೆಂಡತಿ ಮಾತ್ರ ಚಿನ್ನದಂಥವಳು, ಗಂಡನಿಗೆ ಗೊತ್ತಾಗದ ಹಾಗೆ ಬಂದು ಕ್ಷಮೆ ಕೇಳಿ ಹೋದಳು. ಇರಲಿ, ಅವಳ ಕಥೆ ಶುರು ಮಾಡಿದರೆ ಇವನದು ಉಳಿದುಬಿಡುತ್ತದೆ.

ಇವನಿಗೆ ಇನ್ನೊಂದು ಕೆಲಸವಿತ್ತು. ಸಂಬಳವಿಲ್ಲದ್ದು, ಬಿಟ್ಟರೂ ಬಿಡದ್ದು. ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಲು ಭಾಷೆಗಳಿವೆಯಲ್ಲ, ಅವುಗಳಲ್ಲಿ ಕೆಲವು ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ಒಳಗೆ ಇಣುಕಿ ನೋಡಿ ತಪ್ಪು ತಿದ್ದಬಹುದು. ಅಂಥ ಒಂದು ಭಾಷೆಯಲ್ಲಿ ಒಂದು ಯಂತ್ರ ಇನ್ನೊಂದು ಯಂತ್ರದ ಜೊತೆ ಮಾತಾಡಲು ಬೇಕಾದ ಸಾಮಗ್ರಿಯನ್ನೆಲ್ಲ ಒಂದು ಕಟ್ಟಾಗಿ ಇಟ್ಟಿರುತ್ತಾರೆ. ನೆಟ್‌ವರ್ಕ್ ಲೈಬ್ರರಿ ಎನ್ನುವುದು ಅದಕ್ಕೇ. ಹದಿನೆಂಟು ವರ್ಷದ ಹಿಂದೆ ಇವನು ಅಂಗಡಿಯ ತಕ್ಕಡಿಯಿಂದ ಒಳಕೋಣೆಯ ಕಂಪ್ಯೂಟರಿಗೆ ತೂಕ ಕಳಿಸಲು ಹೋಗಿ, ಆ ಲೈಬ್ರರಿಯಲ್ಲಿ ಒಂದು ತಪ್ಪು ಕಂಡು, ಅದನ್ನು ನೋಡಿಕೊಳ್ಳುತ್ತಿದ್ದವರಿಗೆ ದೂರು ಬರೆದ. ‘ನಿಮಗೆ ಕಂಡಿದೆ, ನೀವೇ ತಿದ್ದಿ’ ಎಂದು ಉತ್ತರ ಬಂತು. ತಿದ್ದಿದ. ಇನ್ನೊಂದು ತಿದ್ದಿದ. ಹಳಬರು ಒಬ್ಬೊಬ್ಬರಾಗಿ ಕೈತೊಳೆದುಕೊಂಡು ಎದ್ದರು, ಇವನು ಎಲೆಯ ಮುಂದೆ ಒಬ್ಬನೇ ಉಳಿದ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚಿನ ಎರಡು ಗಂಟೆ ಅದಕ್ಕೇ ಮೀಸಲು. ಎಲ್ಲೆಲ್ಲಿಯೋ ಸಾವಿರಾರು ಯಂತ್ರಗಳು ಇವನು ತಿದ್ದಿದ ಸಾಲುಗಳ ಮೇಲೆ ಮಾತಾಡುತ್ತಿದ್ದವು, ಆ ಯಂತ್ರಗಳ ಒಡೆಯರಿಗೆ ಇವನ ಮುಖ ಗೊತ್ತಿರಲಿಲ್ಲ.

ಈಗ ಕಣ್ಣು ಕೈಕೊಟ್ಟಿತು. ಎರಡರಲ್ಲೂ ಪೊರೆ ಬಲಿತಿದೆ, ಒಂದಾದ ಮೇಲೊಂದು ಆಪರೇಷನ್, ಎರಡು ತಿಂಗಳು ಪರದೆಯ ಮುಂದೆ ಕೂರಬಾರದು ಎಂದರು ಡಾಕ್ಟರು. ತಕ್ಕಡಿ ಅಂಗಡಿಗೆ ಬೀಗ ಹಾಕಬಹುದು. ಲೈಬ್ರರಿಯ ಬೀಗದ ಕೈ ಯಾರಿಗೆ ಕೊಡುವುದು? ಅದನ್ನು ಹಿಡಿದವರು ಒಪ್ಪಿದ್ದೇ ಒಳಗೆ ಹೋಗುತ್ತದೆ. ಕಳ್ಳನ ಕೈಗೆ ಕೊಟ್ಟರೆ ಅವನು ಒಳಗೆ ಸೇರಿಸಿದ ವಿಷವನ್ನು ಸಾವಿರಾರು ಯಂತ್ರಗಳು ಕಣ್ಣುಮುಚ್ಚಿ ನುಂಗುತ್ತವೆ. ಯಾರಿಗೂ ಕೊಡದಿದ್ದರೆ ನಡುವೆ ದೊಡ್ಡ ತಪ್ಪೊಂದು ಬಯಲಾದಾಗ ತಿದ್ದುವವರಿಲ್ಲ.

ಅಷ್ಟು ದಿನ ನಾನು ನೋಡಿಕೊಳ್ಳಲೇ ಎಂದು ಕೇಳಿಕೊಂಡು ಬಂದದ್ದು ಒಬ್ಬರೇ. ಹೆಸರು ಬೂದುಬೆಕ್ಕು. ಅಲ್ಲಿ ಎಲ್ಲರೂ ಇಂಥ ಹೆಸರು ಇಟ್ಟುಕೊಂಡೇ ಬರೆಯುವುದು. ಗಂಡೋ ಹೆಣ್ಣೋ, ಮುದುಕರೋ ಪಡ್ಡೆಯೋ ತಿಳಿಯದು. ಐದು ತಿಂಗಳಿಂದ ಬೆಕ್ಕು ಸಣ್ಣಪುಟ್ಟ ಕೆಲಸ ಕಳಿಸುತ್ತಿತ್ತು: ಸೂಚನೆಗಳಲ್ಲಿ ಅಕ್ಷರ ತಪ್ಪು, ಬಿಟ್ಟುಹೋದ ವಿವರ. ಪ್ರತಿ ಪತ್ರದ ಮೊದಲು ‘ತಮ್ಮ ಅಮೂಲ್ಯ ಸಮಯಕ್ಕಾಗಿ ಕ್ಷಮಿಸಿ’, ಕೊನೆಗೆ ‘ತಮ್ಮಿಂದ ಕಲಿಯುವುದು ನನ್ನ ಭಾಗ್ಯ’.

"ಅತಿ ವಿನಯಂ ಧೂರ್ತ ಲಕ್ಷಣಂ" ಎಂದ ತಕ್ಕಡಿಯವನು ಕಾಫಿ ಕುಡಿಯುತ್ತ. "ಯಾವ ಹೊತ್ತಲ್ಲಿ ಬರೆದ್ರೂ ಹತ್ತು ನಿಮಿಷಕ್ಕೆ ಉತ್ತರ. ಇದಕ್ಕೆ ಊಟ ನಿದ್ದೆ ಇಲ್ವಾ? ಅದಿರ್ಲಿ, ನನ್ನ ಕಣ್ಣಿನ ಆಪರೇಷನ್ ವಿಷಯ ಇದಕ್ಕೆ ಹೇಗೆ ಗೊತ್ತಾಯ್ತು? ನಾನು ಹೊರಗಿನವರಿಗೆ ಯಾರಿಗೂ ಹೇಳಿಲ್ಲ!"

ಹೆಂಡತಿ ದರ್ಜಿ. ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಮೆಷಿನ್ನು. ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ರೀ, ಹೋದ ವಾರ ನೀವೇ ಅಲ್ಲಿ ಬರೆದ್ರಲ್ಲ, ಕಣ್ಣಿನ ಆಪರೇಷನ್ ಇದೆ, ಎರಡು ತಿಂಗಳು ಸಿಗಲ್ಲ ಅಂತ? ನನಗೂ ಓದಿ ಹೇಳಿದ್ರಿ" ಎಂದಳು.

"ಬರೆದೆ. ಆದ್ರೆ ಅದನ್ನ ಇಷ್ಟು ಗಮನ ಕೊಟ್ಟು ಓದೋದು ಯಾಕೆ?"

"ಓದಲಿ ಅಂತ ತಾನೇ ಬರೆಯೋದು!"

ಮಾತಿಗೆ ಇವನ ಅಕ್ಕನೂ ಸೇರಿದಳು. ಆಪರೇಷನ್ನಿಗೆಂದು ಮೊದಲೇ ಬಂದು ಬೀಡುಬಿಟ್ಟಿದ್ದಳು. ಎರಡು ಸೂಟ್‌ಕೇಸು, ಒಂದು ತಲೆದಿಂಬು. ಸ್ವಂತ ದಿಂಬಿಲ್ಲದೆ ನಿದ್ದೆ ಬಾರದ ಪೈಕಿ. ಅವಳು ಕಡ್ಡಿ ಮುರಿದ ಹಾಗೆ, "ಗಂಡೋ ಹೆಣ್ಣೋ ಗೊತ್ತಿಲ್ದೋರ ಕೈಗೆ ಬೀಗದ ಕೈ ಕೊಡ್ತೀಯೇನೋ? ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯೋದು ನೋಡಿಲ್ವಾ? ಬಿಟ್ಟಿ ಚಾಕರಿ, ಅದಕ್ಕೆ ಕಾವಲು ಬೇರೆ!" ಎಂದಳು.

ಆ ವಾರವೇ ಬೆಕ್ಕು ಮೊದಲ ಬಾರಿಗೆ ದೊಡ್ಡ ತಿದ್ದುಪಡಿ ಕಳಿಸಿತು. ತಪ್ಪೇನೋ ನಿಜವಾದದ್ದೇ. ಫೋನಿನಲ್ಲಿ ಆ ಕಡೆಯವರು ಎದ್ದು ಹೋಗಿ ಎಷ್ಟೋ ಹೊತ್ತಾದರೂ ಈ ಕಡೆಯವರು ‘ಹಲೋ, ಹಲೋ’ ಎನ್ನುತ್ತ ಕೂತಿರುತ್ತಾರಲ್ಲ, ಹಾಗೆ ಲೈಬ್ರರಿ ಕೆಲವು ಸಲ ಸತ್ತ ಸಂಪರ್ಕವನ್ನು ಹಿಡಿದುಕೊಂಡೇ ಕೂರುತ್ತಿತ್ತು. ಮೂವತ್ತು ಸೆಕೆಂಡು ಕಾದು ಕೆಳಗಿಡುವ ಹಾಗೆ ಬೆಕ್ಕು ಬರೆದಿತ್ತು. ಜೊತೆಗೆ ಒಂದು ಪರೀಕ್ಷೆ. ಅಲ್ಲಿಯ ಕ್ರಮವೇ ಹಾಗೆ. ತಿದ್ದುಪಡಿ ಕೆಲಸ ಮಾಡುತ್ತದೆ ಎಂದು ತೋರಿಸುವ ಪರೀಕ್ಷೆಯನ್ನೂ ಬರೆದು ಕಳಿಸಬೇಕು. ಪಾಸಾದರೆ ಪರದೆಯ ಮೇಲೆ ಹಸಿರು ಗುರುತು, ಫೇಲಾದರೆ ಕೆಂಪು. ಹಳೆಯವು ನಾನೂರ ಹನ್ನೊಂದು ಇದ್ದವು. ಬೆಕ್ಕಿನದೂ ಸೇರಿ ನಾನೂರ ಹನ್ನೆರಡೂ ಹಸಿರು.

ಹಸಿರು ನೋಡಿ ಹಿಗ್ಗುವವನೇ ಅವನು? ಬೆಕ್ಕಿನ ತಿದ್ದುಪಡಿಯನ್ನು ಕಿತ್ತುಹಾಕಿ, ಪರೀಕ್ಷೆಯನ್ನು ಮಾತ್ರ ಉಳಿಸಿ ಮತ್ತೆ ಓಡಿಸಿದ. ಕಾಯಿಲೆ ವಾಪಸು ಬಂದಿದೆ, ಪರೀಕ್ಷೆ ಕೆಂಪಾಗಬೇಕು. ಆಗಲಿಲ್ಲ. ಹಸಿರೇ!

"ಸಿಕ್ಕಿಬಿತ್ತು ಬೆಕ್ಕು!" ಎಂದು ತೊಡೆ ತಟ್ಟಿಕೊಂಡ. ಕಾಯಿಲೆ ಇದ್ದರೂ ಗುಣವಾಗಿದೆ ಎನ್ನುವ ಪರೀಕ್ಷೆ ಎಂದರೆ ಬರೀ ನಾಟಕ. ನಾಟಕ ಯಾಕೆ? ನಂಬಿಸಿ ಬೀಗದ ಕೈ ಪಡೆಯಲು. ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಕೂತು, ಲೈಬ್ರರಿ ಬಳಸುವವರೆಲ್ಲ ಓದುವ ಕಡೆ ಬರೆದೇಬಿಟ್ಟ: ‘ಈ ಪರೀಕ್ಷೆ ಸುಳ್ಳು. ಕಳಿಸಿದವರ ಉದ್ದೇಶವೇನೆಂದು ಎಲ್ಲರ ಮುಂದೆ ಕೇಳುತ್ತಿದ್ದೇನೆ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಆರು ಜನ ಬಂದು ಬೆಕ್ಕಿಗೆ ಉಗಿದಿದ್ದರು. ವರ್ಷಗಟ್ಟಲೆ ಒಂದು ಸಾಲು ಬರೆಯದವರು, ಬೈಯಲು ಮಾತ್ರ ಎಲ್ಲಿಂದಲೋ ಎದ್ದು ಬಂದರು. ಒಬ್ಬ ಕಳ್ಳ ಎಂದ, ಇನ್ನೊಬ್ಬ ಹೊರಗೆ ಹಾಕಿ ಎಂದ. ಹತ್ತು ನಿಮಿಷಕ್ಕೆ ಉತ್ತರ ಕೊಡುತ್ತಿದ್ದ ಬೆಕ್ಕು ಮಾತ್ರ ಸುಮ್ಮನಾಯಿತು.

"ನೋಡಿದ್ಯಾ? ಬಾಯಿಲ್ಲ" ಎಂದ ತಕ್ಕಡಿಯವನು.

"ಬೈದ್ರೆ ಒಳ್ಳೆಯವರೂ ಸುಮ್ಮನಾಗ್ತಾರೆ" ಎಂದಳು ಹೆಂಡತಿ. ಯಾರದೋ ಕೋಟಿನ ತೋಳನ್ನು ಒಳಮಗ್ಗುಲು ಹೊರಗೆ ಮಾಡಿ ಹೊಲಿಗೆ ನೋಡುತ್ತಿದ್ದಳು. "ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಒಬ್ಬ ಅಂಗಡಿಯವನ ತಕ್ಕಡಿ ಸುಳ್ಳು ಅಂತ ಹೇಳೋ ಮುಂಚೆ ನೀವು ಏನು ಮಾಡ್ತೀರಿ?"

"ನನ್ನ ತೂಕದ ಬಟ್ಟು ಇಟ್ಟು ತೂಗ್ತೀನಿ."

"ಆ ಬಟ್ಟು ಸರಿಯಿದೆ ಅಂತ ಹೇಗೆ ಗೊತ್ತು?"

"ವರ್ಷವರ್ಷ ಕಚೇರಿಗೆ ಒಯ್ದು ತೂಗಿಸಿ ಮುದ್ರೆ ಹಾಕಿಸ್ಕೊಂಡು ಬರಲ್ವೇನೇ?"

"ಇದಕ್ಕೆ ಹಾಕಿಸಿದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ತಕ್ಕಡಿಯವನು ಎದ್ದು ಕಂಪ್ಯೂಟರಿನ ಮುಂದೆ ಹೋದ. ತಾನೇ ಹಿಂದೆ ತಿದ್ದಿದ್ದ ಒಂದು ಜಾಗವನ್ನು ಬೇಕೆಂದೇ ಕೆಡಿಸಿದ. ಹಸಿರು. ಇನ್ನೊಂದು ಕೆಡಿಸಿದ. ಹಸಿರು. ಕೊನೆಗೆ ಲೈಬ್ರರಿಯ ಬುಡಕ್ಕೇ ಕೊಡಲಿ ಹಾಕಿ, ಯಾವ ಯಂತ್ರವೂ ಯಾವ ಯಂತ್ರವನ್ನೂ ಕರೆಯಲಾಗದಂತೆ ಮಾಡಿ ಓಡಿಸಿದ. ಎರಡು ಸೆಕೆಂಡಿಗೆ ನಾನೂರ ಹನ್ನೆರಡೂ ಪಾಸು. ಹೆಣಕ್ಕೆ ಆರೋಗ್ಯದ ಸರ್ಟಿಫಿಕೇಟು ಕೊಟ್ಟ ಹಾಗೆ!

ಪರದೆಗೆ ಮೂಗು ತಾಗಿಸಿ ಸಂಜೆಯವರೆಗೆ ಹುಡುಕಿದ. ಸಿಕ್ಕಿದ್ದು ತನ್ನದೇ ಕೈಬರಹ. ಎರಡು ವರ್ಷದ ಹಿಂದೆ ಅಂಗಡಿಯ ಇಂಟರ್ನೆಟ್ಟು ಗಳಿಗೆಗೊಮ್ಮೆ ಹೋಗುತ್ತಿತ್ತು, ಪರೀಕ್ಷೆಗಳೆಲ್ಲ ಸುಮ್ಮಸುಮ್ಮನೆ ಕೆಂಪಾಗುತ್ತಿದ್ದವು. ಬೇಸತ್ತು ಒಂದು ಸಾಲು ಸೇರಿಸಿದ್ದ: ಮೊದಲು ಅಂಗಡಿಯ ಹಳೆಯ ಯಂತ್ರವನ್ನು ಕರೆದು ನೋಡು, ಅದು ಓಗೊಡದಿದ್ದರೆ ಸಂಪರ್ಕವಿಲ್ಲ ಎಂದರ್ಥ, ಪರೀಕ್ಷೆಯನ್ನು ಬಿಟ್ಟು ಪಾಸೆಂದು ಬರೆದುಕೋ. ಪಕ್ಕದಲ್ಲಿ ತನಗೆ ತಾನೇ ಟಿಪ್ಪಣಿ: ‘ಇವತ್ತಿಗೆ ಮಾತ್ರ. ನಾಳೆ ತೆಗೆ.’ ಆ ನಾಳೆ ಬರಲಿಲ್ಲ. ಅದೇ ವಾರ ಹಳೆಯ ಯಂತ್ರ ಗುಜರಿಗೆ ಹೋಯಿತು. ಹೋದವರು ಓಗೊಡುತ್ತಾರೆಯೇ? ಅಂದಿನಿಂದ ಒಂದು ಪರೀಕ್ಷೆಯೂ ನಡೆದಿರಲಿಲ್ಲ. ಆ ಎರಡು ವರ್ಷ ತಿದ್ದುಪಡಿ ಹಾಕುತ್ತಿದ್ದವನು ಇವನೊಬ್ಬನೇ. ಊರನ್ನೆಲ್ಲ ಅನುಮಾನಿಸಿದವನು ತನ್ನದನ್ನು ಮಾತ್ರ ಕಿತ್ತು ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಆ ಸಾಲನ್ನು ತೆಗೆದು ಓಡಿಸಿದ. ಮೂವತ್ತೊಂಬತ್ತು ಕೆಂಪು. ಬೆಕ್ಕಿನದು ಹಸಿರೇ. ಬೆಕ್ಕಿನ ತಿದ್ದುಪಡಿ ಕಿತ್ತರೆ ಅದೂ ಕೆಂಪು. ಪರೀಕ್ಷೆ ಅಪ್ಪಟವಾಗಿತ್ತು.

"ಈಗೇನು ಮಾಡ್ತೀಯೋ?" ಎಂದಳು ಅಕ್ಕ.

"ಬೈದ ಜಾಗದಲ್ಲೇ ಬರೀಬೇಕು. ಮೂಲೆಯಲ್ಲಿ ಕರೆದು ಕ್ಷಮೆ ಕೇಳಿದ್ರೆ ಆಗಲ್ಲ."

ಬರೆದ. ‘ಬೆಕ್ಕಿನ ಪರೀಕ್ಷೆ ಸರಿಯಿತ್ತು. ಸುಳ್ಳು ಬಟ್ಟು ನನ್ನದು. ಎರಡು ವರ್ಷದಿಂದ ನಿಮಗೆಲ್ಲ ತೂಗಿ ಕೊಟ್ಟದ್ದು ಆ ಬಟ್ಟಿನಲ್ಲೇ.’ ಉಗಿದ ಆರು ಜನ ತಿರುಗಿ ಇವನಿಗೆ ಉಗಿದರು. ಅದು ಅವರ ಕಸುಬು. ಆಪರೇಷನ್ನಿಗೆ ನಾಲ್ಕು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಬೆಕ್ಕು ಉತ್ತರಿಸಿತು. ‘ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ನಾನೂರು ಪರೀಕ್ಷೆ ಎರಡೇ ಸೆಕೆಂಡಿಗೆ ಮುಗಿಯುವುದು ನನಗೆ ಮೊದಲ ವಾರವೇ ವಿಚಿತ್ರವಾಗಿ ಕಂಡಿತ್ತು. ಹಿರಿಯರಿಗೆ ಹೇಗೆ ಹೇಳುವುದೆಂದು ಸುಮ್ಮನಿದ್ದೆ.’

ತಕ್ಕಡಿಯವನಿಗೆ ನಾಚಿಕೆ ಹೋಗಿ ರೇಗಿತು. "ಗೊತ್ತಿತ್ತಂತೆ! ಐದು ತಿಂಗಳು ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ! ಕಳ್ಳನಾದ್ರೂ ವಾಸಿ, ಇಂಥ ಮರ್ಯಾದಸ್ಥರನ್ನ ಕಟ್ಕೊಂಡು ಏನು ಮಾಡ್ಲಿ? ಮನೆಗೆ ಬೆಂಕಿ ಬಿದ್ರೆ ‘ತಮ್ಮ ನಿದ್ದೆಗೆ ಭಂಗ’ ಅಂತ ಬಾಗಿಲಲ್ಲೇ ನಿಂತಿರುತ್ತೆ!"

"ನೀವು ಹೇಳಿಸಿಕೊಳ್ಳೋ ಹಾಗಿದ್ರೆ ಹೇಳ್ತಿದ್ರೇನೋ" ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

ತಕ್ಕಡಿಯವನು ಕೆಲಸಕ್ಕೆ ಕೂತ. ಬೆಕ್ಕಿಗೆ ಮೂರೇ ಸಾಲು ಬರೆದ: ‘ಮೂವತ್ತೊಂಬತ್ತು ಕೆಂಪಿವೆ. ಅರ್ಧ ನೀವು, ಅರ್ಧ ನಾನು. ಇನ್ನು ಮುಂದೆ ಕ್ಷಮಿಸಿ ಎಂದು ಬರೆದರೆ ಪತ್ರ ಓದುವುದಿಲ್ಲ.’ ಮೂರು ಹಗಲು ಇಬ್ಬರೂ ಕೂತರು. ಬೆಕ್ಕಿನ ಒಂದೊಂದು ಸಾಲನ್ನೂ ಇವನು ಕಿತ್ತು ನೋಡಿದ, ಈಗ ತನ್ನದನ್ನೂ ಕಿತ್ತು ನೋಡಿದ. ಅಕ್ಕ ಗಂಟೆಗೊಮ್ಮೆ ಬಂದು ಕಣ್ಣಿಗೆ ಔಷಧಿ ಹನಿ ಹಾಕಿ, "ಬೆಕ್ಕು ಏನಂತೆ?" ಎಂದು ಕೇಳಿ ಹೋಗುತ್ತಿದ್ದಳು. ಕೊನೆಗೆ ಆರು ಕೆಂಪು ಉಳಿದವು. ಆಸ್ಪತ್ರೆಗೆ ಹೊರಡಲು ಆಟೋ ಬಂದು ಹಾರ್ನ್ ಹೊಡೆಯುತ್ತಿತ್ತು.

ಬೀಗದ ಕೈ ಕೊಡುವುದೆಂದರೆ ಪರದೆಯಲ್ಲಿ ಒಂದು ಗುಂಡಿ ಒತ್ತುವುದು ಅಷ್ಟೇ. ಅದರ ಮೇಲೆ ಬೆರಳಿಟ್ಟು ಕೂತ.

"ಇನ್ನೂ ಅನುಮಾನಾನಾ?" ಎಂದಳು ಹೆಂಡತಿ.

"ಇದೆ" ಎಂದ. "ಮುಖ ನೋಡಿಲ್ಲ, ದನಿ ಕೇಳಿಲ್ಲ. ತಪ್ಪು ಕಂಡ್ರೆ ಹೇಳುತ್ತೋ, ಮತ್ತೆ ಸುಮ್ನಿರುತ್ತೋ ಅನ್ನೋದೇ ಅನುಮಾನ." ಒತ್ತಿದ. ಒತ್ತಿ, ಕೈ ಸುಟ್ಟವನ ಹಾಗೆ ಬೆರಳು ಊದಿಕೊಂಡ.

ಮೊದಲ ಕಣ್ಣಿನ ಆಪರೇಷನ್ ಮುಗಿಯಿತು. ಮೂರನೆಯ ದಿನ ಇವನು ಮನೆಯ ಮಂಚದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದ. ಹೆಂಡತಿ ಊಟ ಬಡಿಸಲು ಬಂದಾಗಲೆಲ್ಲ, "ಎಷ್ಟು ಕೆಂಪು?" ಎಂದೇ ಕೇಳುತ್ತಿದ್ದ. ಮೊದಲ ದಿನ ಆರು, ಮರುದಿನ ನಾಲ್ಕು. ಕಡಿಮೆಯಾದಷ್ಟೂ ಅವನ ಮುಖ ಗಂಟಿಕ್ಕುತ್ತಿತ್ತು. ಹೇಗೆ ಇಳಿಯಿತು? ತಿದ್ದಿ ಇಳಿಸಿದ್ದೋ, ಮುಚ್ಚಿ ಇಳಿಸಿದ್ದೋ?

ಈ ದಿನ ಅವಳು ಫೋನು ನೋಡಿ ತಡವರಿಸಿದಳು. "ಏಳು ಅಂತಿದೆ ರೀ."

"ಏಳಾ? ನಾಲ್ಕಿದ್ದದ್ದು ಏಳು ಹೇಗಾಗುತ್ತೆ? ಓದು, ಪೂರ್ತಿ ಓದು."

ಅವಳು ಬಿಡಿಸಿ ಬಿಡಿಸಿ ಓದಿದಳು: "‘ಹಳೆಯ ನಾಲ್ಕರಲ್ಲಿ ಎರಡು ತಿದ್ದಿದೆ. ಆದರೆ ಬೇರೆ ಐದು ತಪ್ಪು ಸಿಕ್ಕಿವೆ, ಅವಕ್ಕೆ ಹೊಸ ಪರೀಕ್ಷೆ ಬರೆದಿದ್ದೇನೆ. ಐದೂ ನಿಮ್ಮವೇ. ಅದರಲ್ಲಿ ಒಂದಂತೂ ನೀವು ಏನು ಯೋಚಿಸಿ ಬರೆದಿರೋ ದೇವರಿಗೇ ಗೊತ್ತು.’"

"ಎಲಾ ಇವನ!" ಎಂದು ಅಕ್ಕ ಬಾಗಿಲಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಎಷ್ಟು ಕೊಬ್ಬು! ನಾಲ್ಕು ದಿನ ಆಗಿಲ್ಲ ಕೊಟ್ಟು!"

ತಕ್ಕಡಿಯವನು ದಿಂಬಿಗೆ ಒರಗಿಕೊಂಡ. ದಿಂಬು ಅಕ್ಕನದು, ತಾನೇ ತಂದು ಕೊಟ್ಟಿದ್ದಳು. "ಕ್ಷಮಿಸಿ ಅಂತ ಎಲ್ಲಾದ್ರೂ ಇದೆಯಾ ನೋಡು."

"ಇಲ್ಲ."

"ಸರಿಯಾಗಿ ನೋಡಿದ್ಯಾ?"

"ಇಲ್ಲಾರೀ, ಎಲ್ಲೂ ಇಲ್ಲ."

"ಹಾಗಾದ್ರೆ ಊಟ ಬಡಿಸು" ಎಂದ. "ಇವತ್ತು ಹಸಿವಾಗ್ತಿದೆ."